ರಕ್ತದೊತ್ತಡ: ಎರಡು ಅಂಕಿಗಳ ನಡುವಣ ಅಂತರ

ಪ್ರವಚನಕ್ಕೆಂದು ಊರೂರು ಸಂಚರಿಸುವ ನಮಗೆ ಇತ್ತೀಚಿನ ವರ್ಷಗಳಲ್ಲಿ ಸದ್ಭಕ್ತರ ಮನೆಗಳಲ್ಲಿ ಹೊಸದೊಂದು ಉಪಕರಣದ ದರ್ಶನವಾಗುತ್ತಿದೆ. ದೇವರ ಜಗಲಿಯ ಪಕ್ಕದ ಗೂಡಿನಲ್ಲಿ, ವಿಭೂತಿಯ ಗಟ್ಟಿ ಮತ್ತು ಪಂಚಾಂಗಗಳ ಜೊತೆಯಲ್ಲಿಯೇ, ರಕ್ತದೊತ್ತಡವನ್ನು ಅಳೆಯುವ ಪುಟ್ಟ ಯಂತ್ರವೊಂದು ಕುಳಿತಿರುತ್ತದೆ. ಮಗನೋ ಅಳಿಯನೋ ಬೆಂಗಳೂರಿನಿಂದಲೋ ಪುಣೆಯಿಂದಲೋ ತಂದುಕೊಟ್ಟದ್ದು. ಪ್ರಸಾದವಾದ ಮೇಲೆ ಮನೆಯ ಹಿರಿಯರು ಅಂಕಿಗಳನ್ನು ಬರೆದಿಟ್ಟ ಚೀಟಿಯನ್ನು ನಮ್ಮ ಮುಂದೆ ಹಿಡಿದು, “ಇದು ಹೆಂಗೈತಿ ನೋಡ್ರಿ, ಶಾಸ್ತ್ರಿಗಳೇ” ಎನ್ನುತ್ತಾರೆ. ನಾವು ವೈದ್ಯರಲ್ಲ, ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಆಗಮ, ವಚನಶಾಸ್ತ್ರಗಳನ್ನು ಓದಿದವರು. ಆದರೂ ವಯಸ್ಸು ಅರುವತ್ತನ್ನು ದಾಟಿದ ಮೇಲೆ ಈ ಅಂಕಿಗಳು ನಮ್ಮವೂ ಆದುದರಿಂದ, ವೈದ್ಯಮಿತ್ರರನ್ನು ಕೇಳಿ, ಅವರು ಕೊಟ್ಟ ಗ್ರಂಥಗಳನ್ನು ಓದಿ, ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ನಾವು ಕಂಡಂತೆ ಜನ ಆ ಚೀಟಿಯಲ್ಲಿ ಮೇಲಿನ ಅಂಕಿಯನ್ನು ಬೇರೆ, ಕೆಳಗಿನ ಅಂಕಿಯನ್ನು ಬೇರೆ ನೋಡುತ್ತಾರೆ. ಒಂದರಿಂದ ಇನ್ನೊಂದನ್ನು ಕಳೆದು ನೋಡುವವರು ವಿರಳ. 120/80 ಎಂಬುದನ್ನು ಭಿನ್ನರಾಶಿಯೆಂದು ಬಗೆದು ಭಾಗಾಕಾರಕ್ಕೆ ತೊಡಗಿದ ನಿವೃತ್ತ ಶಿಕ್ಷಕರೊಬ್ಬರನ್ನು ನಾವು ಬಲ್ಲೆವು; ಅವರು ಇದನ್ನು ಓದಿ ನಗುವರೆಂದು ನಂಬಿದ್ದೇವೆ. ಅಲ್ಲಿ ಮಾಡಬೇಕಾದುದು ಭಾಗಾಕಾರವಲ್ಲ, ವ್ಯವಕಲನ. ನೂರಿಪ್ಪತ್ತರಲ್ಲಿ ಎಂಬತ್ತು ಕಳೆದರೆ ಉಳಿಯುವ ನಲವತ್ತಕ್ಕೆ ವೈದ್ಯಶಾಸ್ತ್ರದಲ್ಲಿ ‘ಪಲ್ಸ್ ಪ್ರೆಷರ್’ ಎಂದು ಹೆಸರು. ನಾವು ಅದನ್ನು ನಾಡಿಯ ಒತ್ತಡ ಎನ್ನೋಣ. ಯಂತ್ರದ ಮುಖದ ಮೇಲೆ ಅದು ಮೂಡುವುದಿಲ್ಲ. ಅಲ್ಲಿ ಮೂಡುವ ಮೂರನೆಯ ಅಂಕಿ ನಾಡಿಯ ಬಡಿತದ ಎಣಿಕೆಯೇ ಹೊರತು ನಾಡಿಯ ಒತ್ತಡವಲ್ಲ. ಇವೆರಡನ್ನೂ ಒಂದೆಂದು ತಿಳಿದವರು ಬಹಳ ಮಂದಿ.

ಹೃದಯವು ಸಂಕೋಚಗೊಂಡು ರಕ್ತವನ್ನು ಮಹಾಧಮನಿಗೆ ನೂಕಿದಾಗ ಧಮನಿಗಳಲ್ಲಿ ಒತ್ತಡವು ಯಾವ ಎತ್ತರಕ್ಕೆ ಏರುವುದೋ ಅದು ಮೇಲಿನ ಅಂಕಿ. ಹೃದಯವು ವಿಕಸನಗೊಂಡು ಮುಂದಿನ ಬಡಿತಕ್ಕಾಗಿ ರಕ್ತವನ್ನು ತುಂಬಿಕೊಳ್ಳುತ್ತಿರುವಾಗ ಒತ್ತಡವು ಎಲ್ಲಿಯವರೆಗೆ ಇಳಿಯುವುದೋ ಅದು ಕೆಳಗಿನ ಅಂಕಿ. ಎರಡನ್ನೂ ಪಾದರಸದ ಕಂಬದ ಎತ್ತರದ ಮಿಲಿಮೀಟರುಗಳಲ್ಲಿ ಹೇಳುವುದು ಹಳೆಯ ಪದ್ಧತಿ. ಪಾದರಸದ ಉಪಕರಣಗಳು ಆಸ್ಪತ್ರೆಗಳಿಂದ ಕ್ರಮೇಣ ಮರೆಯಾಗುತ್ತಿದ್ದರೂ ಲೆಕ್ಕದ ಮಾನ ಹಾಗೆಯೇ ಉಳಿದಿದೆ. ಎರಡರ ನಡುವಣ ಅಂತರವೆಂದರೆ ಒಂದೊಂದು ಬಡಿತಕ್ಕೂ ಧಮನಿಯ ಗೋಡೆ ಎದುರಿಸಬೇಕಾದ ಹೊಡೆತದ ಪ್ರಮಾಣ. ನಿಮಿಷಕ್ಕೆ ಎಪ್ಪತ್ತರಂತೆ ದಿನವೊಂದಕ್ಕೆ ಲಕ್ಷಕ್ಕೂ ಮಿಕ್ಕಿ ಇಂಥ ಹೊಡೆತಗಳು ಬೀಳುತ್ತವೆ.

1970ರ ದಶಕದಲ್ಲಿ ನಾವು ಅಭ್ಯಾಸ ಮಾಡುತ್ತಿದ್ದ ಮಠದಲ್ಲಿ ನಾಡಿ ನೋಡುವ ವೈದ್ಯರೊಬ್ಬರಿದ್ದರು. ಶಾರ್ಙ್ಗಧರ ಸಂಹಿತೆಯ ನಾಡೀಪರೀಕ್ಷೆಯ ಭಾಗವನ್ನು ಅವರು ನಮಗೆ ಓದಿಸುತ್ತಿದ್ದರು. ವಾತದ ನಾಡಿ ಸರ್ಪದಂತೆ, ಪಿತ್ತದ್ದು ಕಪ್ಪೆಯಂತೆ, ಕಫದ್ದು ಹಂಸದಂತೆ ನಡೆಯುವುದೆಂಬ ವಿವರಣೆ ಅಲ್ಲಿಯದು. ಆ ವೈದ್ಯರು ವೃದ್ಧರ ಮಣಿಕಟ್ಟನ್ನು ಹಿಡಿದಾಗಲೆಲ್ಲ, “ಈ ನಾಡಿ ಹುರಿಗೊಂಡ ಹಗ್ಗದಂತಿದೆ, ಬೆರಳನ್ನು ದೂಡುತ್ತಿದೆ” ಎನ್ನುತ್ತಿದ್ದರು. ಬೆರಳಿಗೆ ತಿಳಿಯುತ್ತಿದ್ದುದು ಏನು ಎಂಬುದು ನಮಗೆ ಈಚೆಗೆ ಅರ್ಥವಾಗಿದೆ. ಮಣಿಕಟ್ಟಿನ ಮೇಲಿಟ್ಟ ಬೆರಳಿಗೆ ರಕ್ತದ ಒಟ್ಟು ಒತ್ತಡ ತಿಳಿಯುವುದಿಲ್ಲ. ಒತ್ತಡದ ಏರಿಳಿತವಷ್ಟೇ ತಿಳಿಯುತ್ತದೆ. ಅಂದರೆ ಹಿಂದಿನವರು ಬೆರಳಿನಿಂದ ಗ್ರಹಿಸುತ್ತಿದ್ದುದು ಬಹುಮಟ್ಟಿಗೆ ಈ ಅಂತರವನ್ನೇ. ಹಾಗೆಂದು ಯಂತ್ರವೇ ಬೇಡವೆನ್ನುವವರ ಮಾತಿಗೆ ನಾವು ಒಪ್ಪುವುದಿಲ್ಲ. 120/80 ಇರುವವನಲ್ಲಿಯೂ 160/120 ಇರುವವನಲ್ಲಿಯೂ ಅಂತರ ನಲವತ್ತೇ. ಬೆರಳಿಗೆ ಇಬ್ಬರ ನಾಡಿಯೂ ಸರಿಸುಮಾರು ಒಂದೇ ಎಂದು ತೋರಬಹುದು. ಒಬ್ಬ ಆರೋಗ್ಯವಂತ, ಇನ್ನೊಬ್ಬ ಅಪಾಯದ ಅಂಚಿನಲ್ಲಿರುವವನು.

ಅಂತರವು ವಯಸ್ಸಿನೊಡನೆ ಏಕೆ ಹಿಗ್ಗುತ್ತದೆ? ನಮ್ಮ ಭಜನೆಯ ಹಾರ್ಮೋನಿಯಂ ಪೆಟ್ಟಿಗೆಯನ್ನು ನೋಡಿದರೆ ಇದು ಸುಲಭವಾಗಿ ತಿಳಿಯುತ್ತದೆ. ನುಡಿಸುವವರ ಎಡಗೈ ಹಿಂದಿನ ತಿದಿಯನ್ನು ಬಿಟ್ಟು ಬಿಟ್ಟು ಒತ್ತುತ್ತಿರುತ್ತದೆ. ಆದರೆ ಸ್ವರ ಬಿಟ್ಟು ಬಿಟ್ಟು ಬರುವುದಿಲ್ಲ, ಅಖಂಡವಾಗಿ ಹರಿಯುತ್ತದೆ. ಏಕೆಂದರೆ ಪೆಟ್ಟಿಗೆಯ ಒಳಗೆ ಇನ್ನೊಂದು ತಿದಿಯಿದೆ. ಕೈ ಒತ್ತಿದಾಗ ಅದು ಉಬ್ಬಿ ಗಾಳಿಯನ್ನು ಕೂಡಿಟ್ಟುಕೊಂಡು, ಕೈ ಹಿಂದಕ್ಕೆ ಬಂದಾಗ ತನ್ನ ಸ್ಪ್ರಿಂಗಿನ ಬಲದಿಂದ ಆ ಗಾಳಿಯನ್ನು ಮೆಲ್ಲನೆ ಬಿಡುತ್ತದೆ. ನಮ್ಮ ದೇಹದಲ್ಲಿ ಹೃದಯವು ಹೊರಗಿನ ತಿದಿ, ಮಹಾಧಮನಿಯು ಒಳಗಿನ ತಿದಿ. ಎಳೆಯ ವಯಸ್ಸಿನಲ್ಲಿ ಮಹಾಧಮನಿಯ ಗೋಡೆ ರಬ್ಬರಿನಂತೆ ಹಿಗ್ಗಿ, ಬಂದ ರಕ್ತದ ಒಂದು ಪಾಲನ್ನು ಹಿಡಿದಿಟ್ಟು, ಹೃದಯ ವಿರಮಿಸುವಾಗ ಅದನ್ನು ಮುಂದಕ್ಕೆ ಕಳುಹಿಸುತ್ತದೆ. ಆದ್ದರಿಂದ ಒತ್ತಡವು ಮೇಲೆಯೂ ಅತಿಯಾಗಿ ಏರುವುದಿಲ್ಲ, ಕೆಳಗೂ ಅತಿಯಾಗಿ ಇಳಿಯುವುದಿಲ್ಲ.

ಆ ಗೋಡೆಯಲ್ಲಿರುವ ಹಿಗ್ಗುವ ನಾರುಗಳು ದಶಕಗಳ ದುಡಿತದಿಂದ ಸವೆಯುತ್ತವೆ; ಅವುಗಳ ಎಡೆಯಲ್ಲಿ ಬಿರುಸಾದ ನಾರುಗಳೂ ಸುಣ್ಣದ ಅಂಶವೂ ಸೇರಿಕೊಳ್ಳುತ್ತವೆ. ಮಧುಮೇಹ, ಧೂಮಪಾನ, ಮೂತ್ರಪಿಂಡದ ರೋಗ ಮತ್ತು ಬಹುಕಾಲ ಲಕ್ಷ್ಯವಿಲ್ಲದೆ ಬಿಟ್ಟ ಅಧಿಕ ಒತ್ತಡ ಈ ಕ್ರಿಯೆಯನ್ನು ತ್ವರೆಗೊಳಿಸುತ್ತವೆ. ಒಳತಿದಿ ಸೆಡೆತುಕೊಂಡ ಮೇಲೆ ಹೃದಯ ನೂಕಿದ ರಕ್ತವೆಲ್ಲ ಬಿರುಸಾದ ಕೊಳವೆಗೆ ಒಮ್ಮೆಲೇ ನುಗ್ಗುವುದರಿಂದ ಮೇಲಿನ ಅಂಕಿ ಏರುತ್ತದೆ. ವಿರಾಮದ ವೇಳೆಗೆ ಹಿಂದಿರುಗಿಸಲು ಕೂಡಿಟ್ಟದ್ದೇನೂ ಇಲ್ಲದಿರುವುದರಿಂದ ಕೆಳಗಿನ ಅಂಕಿ ಇಳಿಯುತ್ತದೆ. ಮೇಲಿನದು ಏರುವುದು, ಕೆಳಗಿನದು ಇಳಿಯುವುದು, ಇವು ಎರಡು ಬೇರೆ ಸಂಗತಿಗಳಲ್ಲ. ಒಂದೇ ಗೋಡೆ ಬಿರುಸಾದುದರ ಎರಡು ಗುರುತುಗಳು.

ಇದನ್ನು ಇಷ್ಟು ವಿಸ್ತರಿಸಲು ಕಾರಣವಿದೆ. ನಮಗೆ ಪರಿಚಿತವಾದ ಮಠವೊಂದರಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ದಾಸೋಹದ ಅಡಿಗೆಯನ್ನು ನಿರ್ವಹಿಸಿದ ಹಿರಿಯರೊಬ್ಬರಿದ್ದರು. ಜಾತ್ರೆಯ ದಿನ ಸಹಸ್ರಾರು ಜನರಿಗೆ ಹುಗ್ಗಿಯ ಕೊಪ್ಪರಿಗೆ ಏರಿಸಿದರೂ ಒಂದು ಮಾತು ಜೋರಾಗಿ ಆಡಿದವರಲ್ಲ. ಎಲ್ಲರೂ ಅವರನ್ನು ಅಡಿಗೆಯ ಅಜ್ಜಾರು ಎಂದೇ ಕರೆಯುತ್ತಿದ್ದರು. ಕಾಯಕದ ಲೆಕ್ಕದಂತೆಯೇ ತಮ್ಮ ಒತ್ತಡದ ಲೆಕ್ಕವನ್ನೂ ಅವರು ಕಿಸೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅವರ ಅರುವತ್ತೆರಡನೆಯ ವಯಸ್ಸಿನಲ್ಲಿ 150/90. ಮೂರು ವರ್ಷಗಳ ತರುವಾಯ 158/84. ಆಮೇಲೆ 166/76. ಎಪ್ಪತ್ತರ ಹೊತ್ತಿಗೆ 172/70. ಅವರು ಕೆಳಗಿನ ಸಾಲನ್ನು ಬೆರಳಿನಿಂದ ತೋರಿಸಿ, “ನೋಡ್ರಿ ಶಾಸ್ತ್ರಿಗಳೇ, ತಳದ ಲೆಕ್ಕ ವರ್ಷಾ ವರ್ಷಾ ಇಳ್ಯಾಕ ಹತ್ತೈತಿ. ತಳದ ಉರಿ ತಗ್ಗಿತಂದ್ರ ಉಕ್ಕೋ ಹಾಲು ತಾನೇ ಇಳೀತದ” ಎಂದು ಸಂತೋಷದಿಂದ ನುಡಿದಿದ್ದರು. ಮೇಲಿನದು ವಯೋಧರ್ಮವೆಂಬುದು ಅವರ ನಂಬಿಕೆ. ವಯಸ್ಸಿಗೆ ನೂರು ಕೂಡಿಸಿದರೆ ಬರುವಷ್ಟು ಇರುವುದು ಸಹಜವೆಂದು ಅವರಿಗೆ ಯಾರೋ ಹೇಳಿದ್ದರು. ಎಪ್ಪತ್ತಕ್ಕೆ ನೂರು ಕೂಡಿದರೆ ನೂರ ಎಪ್ಪತ್ತು, ತಮ್ಮದು ಅದಕ್ಕಿಂತ ಎರಡೇ ಹೆಚ್ಚು. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಅವರು ಅರ್ಧ ಮಾಡಿ, ಆಮೇಲೆ ವಾರಕ್ಕೆ ಮೂರು ದಿನ ಮಾಡಿ, ಕಡೆಗೆ ಬಿಟ್ಟೇಬಿಟ್ಟರು. ಒಂದು ಕಾರ್ತಿಕದ ಬೆಳಗಿನಲ್ಲಿ ಒಲೆಯ ಮುಂದೆ ಕುಳಿತಿದ್ದಂತೆಯೇ ಅವರ ಬಲಗೈಯಿಂದ ಸೌಟು ಜಾರಿತು. ಪಾರ್ಶ್ವವಾಯು. ಅವರು ಆಮೇಲೆ ಎರಡು ವರ್ಷ ಬದುಕಿದರು. ಆದರೆ ಮಾತು ಹಿಂದಿರುಗಲಿಲ್ಲ. ಷಡಕ್ಷರಿಯನ್ನು ಉಚ್ಚರಿಸಲು ಯತ್ನಿಸಿ ಕಣ್ಣೀರಿಡುತ್ತಿದ್ದರು. ಎಡಗೈಯಿಂದಲೇ ವಿಭೂತಿ ಧರಿಸುತ್ತಿದ್ದರು.

ಆ ಕಿಸೆಯ ಪುಸ್ತಕದಲ್ಲಿ ಮೂರನೆಯದೊಂದು ಸಾಲು ಇದ್ದಿದ್ದರೆ ಅಲ್ಲಿ 60, 74, 90, 102 ಎಂದು ಬರೆದಿರುತ್ತಿತ್ತು. ಇಳಿಯುತ್ತಿದ್ದುದು ಉರಿಯಾಗಿರಲಿಲ್ಲ.

ಸರಾಸರಿಯ ಲೆಕ್ಕವೂ ಇಲ್ಲಿ ಮೋಸಗೊಳಿಸುತ್ತದೆ. ಹೃದಯವು ಸಂಕೋಚಕ್ಕಿಂತ ವಿರಾಮದಲ್ಲಿ ಹೆಚ್ಚು ಹೊತ್ತು ಕಳೆಯುವುದರಿಂದ, ಕೆಳಗಿನ ಅಂಕಿಗೆ ಅಂತರದ ಮೂರನೆಯ ಒಂದು ಭಾಗವನ್ನು ಕೂಡಿಸಿದರೆ ಸರಾಸರಿ ಒತ್ತಡ ಸುಮಾರಾಗಿ ದೊರೆಯುತ್ತದೆ. ಅದರಂತೆ ಅಜ್ಜಾರ ಸರಾಸರಿ ಮೊದಲು 110 ಇದ್ದದ್ದು ಕಡೆಗೆ 104ಕ್ಕೆ ಇಳಿದಿತ್ತು. ಇನ್ನೊಂದು ನಿದರ್ಶನ ನೋಡಿರಿ: 130/85 ಇರುವವರಿಗೂ 160/70 ಇರುವವರಿಗೂ ಸರಾಸರಿ ಸರಿಯಾಗಿ 100. ಮೊದಲನೆಯವರ ಅಂತರ 45, ಎರಡನೆಯವರದು 90. ಸರಾಸರಿ ಒಂದೇ ಆದರೂ ಒಳಗಿನ ಧಮನಿಗಳ ಸ್ಥಿತಿ ಒಂದೇ ಅಲ್ಲ.

ಅಜ್ಜಾರನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ. ಕೆಳಗಿನ ಅಂಕಿಯೇ ಮುಖ್ಯವೆಂಬ ಅಭಿಪ್ರಾಯ ಒಂದು ಕಾಲಕ್ಕೆ ವೈದ್ಯರಲ್ಲಿಯೇ ಬಲವಾಗಿತ್ತು. ಇದರ ಇತಿಹಾಸ ಸ್ವಾರಸ್ಯವಾದುದು. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯ ಧಮನಿಗೆ ಗಾಜಿನ ನಳಿಗೆಯನ್ನು ಜೋಡಿಸಿ, ರಕ್ತವು ಎಂಟು ಅಡಿಗಳಿಗೂ ಮೇಲೆ ಏರಿ ನಿಂತು, ಪ್ರತಿ ಬಡಿತಕ್ಕೂ ಏರಿಳಿಯುವುದನ್ನು ಕಂಡು 1733ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಆ ಮೂಕಪ್ರಾಣಿಯನ್ನು ನೆನೆದರೆ ಮನಸ್ಸು ಮರುಗುತ್ತದೆ. 1896ರಲ್ಲಿ ಇಟಲಿಯ ರಿವಾ-ರೋಚಿ ತೋಳಿಗೆ ಸುತ್ತುವ ಪಟ್ಟಿಯನ್ನು ರೂಪಿಸಿದ ಮೇಲೆ ಹಿಂಸೆಯಿಲ್ಲದ ಅಳತೆ ಸಾಧ್ಯವಾಯಿತು. ಆದರೆ ಪಟ್ಟಿಯನ್ನು ಬಿಗಿಮಾಡಿ ನಾಡಿ ನಿಲ್ಲುವ ಹಂತವನ್ನು ಬೆರಳಿನಿಂದ ನೋಡುವ ಆ ವಿಧಾನದಲ್ಲಿ ತಿಳಿಯುತ್ತಿದ್ದುದು ಮೇಲಿನ ಅಂಕಿ ಮಾತ್ರ. 1905ರಲ್ಲಿ ರಷ್ಯಾದ ಕೊರೊಟ್ಕೊವ್ ಪಟ್ಟಿಯ ಕೆಳಗೆ ಕೇಳುನಳಿಗೆಯಿಟ್ಟು, ಶಬ್ದ ಹುಟ್ಟುವಲ್ಲಿ ಮೇಲಿನದನ್ನೂ ಶಬ್ದ ಅಡಗುವಲ್ಲಿ ಕೆಳಗಿನದನ್ನೂ ಗುರುತಿಸಿದನು. ಹೊಸದಾಗಿ ಕೈಗೆ ಸಿಕ್ಕ ಕೆಳಗಿನ ಅಂಕಿಗೆ ಮರ್ಯಾದೆ ಹೆಚ್ಚಾಯಿತು. ಮೇಲಿನದು ಹೃದಯದ ಬಲದ ಗುರುತು, ಕೆಳಗಿನದೇ ರೋಗದ ಗುರುತು ಎಂಬ ಎಣಿಕೆ ಬಹುಕಾಲ ನಡೆಯಿತು.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದಲ್ಲಿ 1948ರಲ್ಲಿ 5,209 ಜನರನ್ನು ಒಳಗೊಂಡು ಆರಂಭವಾದ ದೀರ್ಘ ಅಧ್ಯಯನವು ಈ ಎಣಿಕೆಯನ್ನು ಅಲುಗಾಡಿಸಿತು. ಮೇಲಿನ ಅಂಕಿ ವಯಸ್ಸಿನೊಡನೆ ಏರುತ್ತಲೇ ಹೋಗುತ್ತದೆ. ಕೆಳಗಿನದು ಐವತ್ತು ಅರುವತ್ತರವರೆಗೆ ಏರಿ ಆಮೇಲೆ ಇಳಿಮುಖವಾಗುತ್ತದೆ. ಇಳಿವಯಸ್ಸಿನಲ್ಲಿ ಹೃದ್ರೋಗದ ಮುನ್ಸೂಚನೆ ಕೊಡುವುದರಲ್ಲಿ ಮೇಲಿನ ಅಂಕಿಯೂ ಅಂತರವೂ ಕೆಳಗಿನದಕ್ಕಿಂತ ಮಿಗಿಲು ಎಂಬುದು ಅಲ್ಲಿ ಕಂಡಿತು. ಮೇಲಿನದು ಮಾತ್ರ ಹೆಚ್ಚಾಗಿದ್ದು ಕೆಳಗಿನದು 90ಕ್ಕಿಂತ ಕಡಿಮೆಯಿದ್ದ ಅರುವತ್ತು ದಾಟಿದವರಿಗೆ ಔಷಧ ಕೊಟ್ಟು ನೋಡಿದ ಪ್ರಯೋಗವೊಂದರ ಫಲ 1991ರಲ್ಲಿ ಹೊರಬಂದಿತು. 4,736 ಜನ ಪಾಲ್ಗೊಂಡಿದ್ದ ಆ ಪ್ರಯೋಗದಲ್ಲಿ, ಔಷಧ ಪಡೆದವರಲ್ಲಿ ಪಾರ್ಶ್ವವಾಯು ಶೇಕಡಾ 36ರಷ್ಟು ಕಡಿಮೆಯಾಗಿತ್ತು. ವಯಸ್ಸಿಗೆ ನೂರು ಕೂಡಿಸುವ ಸೂತ್ರ ಅಂದೇ ಸಾಯಬೇಕಾಗಿತ್ತು. ನಮ್ಮ ಹಳ್ಳಿಯ ಕಟ್ಟೆಗಳ ಮೇಲೆ ಅದು ಇನ್ನೂ ಜೀವಂತವಾಗಿದೆ.

ಹಾಗಾದರೆ ಎಷ್ಟು ಅಂತರವಿರಬೇಕು? ಪ್ರಾಯದವರಲ್ಲಿ ನಲವತ್ತರ ಆಸುಪಾಸು ಸಹಜ. ಇಳಿವಯಸ್ಸಿನಲ್ಲಿ ವಿರಾಮವಾಗಿ ಕುಳಿತು ಅಳೆದಾಗಲೂ ಮತ್ತೆ ಮತ್ತೆ ಅರುವತ್ತನ್ನು ಮೀರುತ್ತಿದ್ದರೆ ವೈದ್ಯರ ಗಮನಕ್ಕೆ ತರತಕ್ಕದ್ದು. ಬಿರುಸಾದ ಧಮನಿಯೊಂದೇ ಇದಕ್ಕೆ ಕಾರಣವಲ್ಲ. ತೀವ್ರ ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ, ಹೃದಯದಿಂದ ಮಹಾಧಮನಿಗೆ ತೆರೆಯುವ ಕವಾಟದ ಸೋರಿಕೆ ಇವುಗಳಲ್ಲಿಯೂ ಅಂತರ ಹಿಗ್ಗುತ್ತದೆ. ಜ್ವರ ಮತ್ತು ಗರ್ಭಾವಸ್ಥೆಗಳಲ್ಲಿ ತಾತ್ಕಾಲಿಕವಾಗಿ ಹಿಗ್ಗುವುದುಂಟು. ಆದುದರಿಂದ ಅಂತರವನ್ನು ಕಂಡು ತಾವೇ ರೋಗವನ್ನು ನಿರ್ಣಯಿಸಹೊರಡುವುದು ಸಲ್ಲದು. ಅಧಿಕ ರಕ್ತದೊತ್ತಡ ಯಾವುದೆಂಬುದನ್ನು ನಮ್ಮ ದೇಶದ ಸರಕಾರಿ ಕಾರ್ಯಕ್ರಮದಲ್ಲಿ 140/90ರಿಂದ ಲೆಕ್ಕ ಹಾಕುತ್ತಾರೆ. ಎರಡರಲ್ಲಿ ಯಾವುದೊಂದು ಮೀರಿದರೂ ಅದು ಅಧಿಕವೇ. ಅಮೆರಿಕದವರು 2017ರಲ್ಲಿ ಮಿತಿಯನ್ನು 130/80ಕ್ಕೆ ಇಳಿಸಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಹದಿನೈದು ವರ್ಷ ಮೇಲ್ಪಟ್ಟ ಭಾರತೀಯರಲ್ಲಿ ಪುರುಷರು ಶೇಕಡಾ 24, ಸ್ತ್ರೀಯರು ಶೇಕಡಾ 21ರಷ್ಟು ಅಧಿಕ ಒತ್ತಡವುಳ್ಳವರು ಅಥವಾ ಅದಕ್ಕಾಗಿ ಔಷಧ ಸೇವಿಸುತ್ತಿರುವವರು. ನಾಲ್ಕೈದು ಜನರಲ್ಲಿ ಒಬ್ಬರೆಂದರೆ ದಾಸೋಹದ ಪ್ರತಿ ಪಂಕ್ತಿಯಲ್ಲಿಯೂ ಅನೇಕರು.

ನಮ್ಮ ಅಂಕಿಗಳು ಮೊದಲ ಬಾರಿ 164/78 ಬಂದಾಗ ವೈದ್ಯರು ಅವಸರ ಮಾಡಲಿಲ್ಲ. ಒಂದು ವಾರ ಮನೆಯಲ್ಲಿ ಬೆಳಿಗ್ಗೆ ಸಂಜೆ ಅಳೆದು ತರಹೇಳಿದರು. ಬಳಿಕ ಒಂದು ಮಾತ್ರೆ, ತಿಂಗಳ ತರುವಾಯ ಇನ್ನೊಂದು. ಈಗ 134/70ರ ಸುಮಾರಿನಲ್ಲಿದೆ. ಅಂತರ 86ರಿಂದ 64ಕ್ಕೆ ಬಂದಿದೆ. ಅದನ್ನು ನಲವತ್ತಕ್ಕೇ ಇಳಿಸಿಬಿಡಿರೆಂದು ನಾವು ಕೇಳಿದಾಗ ಅವರು ನಕ್ಕು ವಿವರಿಸಿದರು: ಅಂತರವನ್ನಷ್ಟೇ ಕುಗ್ಗಿಸುವ ಔಷಧವಿಲ್ಲ, ಮೇಲಿನದನ್ನು ಇಳಿಸುವ ಮಾತ್ರೆ ಕೆಳಗಿನದನ್ನೂ ಒಂದಿಷ್ಟು ಇಳಿಸುತ್ತದೆ, ಹೃದಯದ ಸ್ನಾಯುವಿಗೆ ರಕ್ತ ದೊರೆಯುವುದು ಬಹುಪಾಲು ವಿರಾಮದ ವೇಳೆಯಲ್ಲಿಯೇ ಆದುದರಿಂದ ಕೆಳಗಿನದು ತೀರ ಕುಸಿಯಬಾರದು. ಆದ್ದರಿಂದ ವೃದ್ಧರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ನಿಲ್ಲಿಸಿಯೂ ಅಳೆಯುತ್ತಾರೆ. ಎದ್ದು ನಿಂತ ಮೂರು ನಿಮಿಷಗಳೊಳಗೆ ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಬೀಳುವ ಭಯವುಂಟು. ಪೂಜೆಗೆ ಬಹಳ ಹೊತ್ತು ಪದ್ಮಾಸನದಲ್ಲಿ ಕುಳಿತು ದಿಢೀರನೆ ಏಳುವ ಹಿರಿಯರು ಗೋಡೆಯನ್ನೋ ಕಂಬವನ್ನೋ ಹಿಡಿದು, ಎರಡು ಉಸಿರು ತಡೆದು ಹೆಜ್ಜೆಯಿಡುವುದು ಲೇಸು.

ಈ ವ್ಯವಕಲನವೆಲ್ಲ ಮೂಲ ಅಳತೆ ಸರಿಯಿದ್ದರೆ ಮಾತ್ರ ಪ್ರಯೋಜನಕಾರಿ. ಮನೆಯ ಯಂತ್ರವು ಪಟ್ಟಿಯೊಳಗಿನ ಕಂಪನಗಳಿಂದ ಸರಾಸರಿಯನ್ನು ಕಂಡುಹಿಡಿದು, ಮೇಲಿನ ಕೆಳಗಿನ ಅಂಕಿಗಳನ್ನು ತನ್ನ ಒಳಗಿನ ಗಣಿತದಿಂದ ಊಹಿಸುತ್ತದೆ. ನಾಡಿಯ ಲಯ ತಪ್ಪಿದವರಲ್ಲಿ ಆ ಊಹೆ ಕೆಡಬಹುದು. ಮಣಿಕಟ್ಟಿನ ಯಂತ್ರಕ್ಕಿಂತ ತೋಳಿನದು ವಿಶ್ವಾಸಾರ್ಹ. ಕುರ್ಚಿಯ ಮೇಲೆ ಬೆನ್ನಿಗೆ ಆಧಾರವಿಟ್ಟು, ಕಾಲು ಮಡಿಚದೆ, ಪಾದಗಳನ್ನು ನೆಲಕ್ಕೂರಿ ಐದು ನಿಮಿಷ ಸುಮ್ಮನಿರಬೇಕು. ಅದಕ್ಕೆ ಮುಂಚಿನ ಅರ್ಧ ಗಂಟೆ ಚಹಾ, ಕಾಫಿ, ತಂಬಾಕು ಸಲ್ಲವು. ಮೂತ್ರ ಕಟ್ಟಿಕೊಂಡು ಕುಳಿತರೂ ಒತ್ತಡ ಏರುತ್ತದೆ. ಪಟ್ಟಿ ಕಟ್ಟಿದ ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲೆ ಒರಗಿರಬೇಕು. ಹತ್ತು ಸೆಂಟಿಮೀಟರು ಕೆಳಗೆ ಜೋತುಬಿದ್ದರೆ ಏಳೆಂಟು ಅಂಕಿ ಹೆಚ್ಚು ತೋರಿಸುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೂ ಹೆಚ್ಚು ತೋರಿಸುತ್ತದೆ. ಅಳೆಯುವಾಗ ಮಾತು ಬೇಡ. ಇದು ನಮ್ಮ ಮನೆಗಳಲ್ಲಿ ಅತ್ಯಂತ ಕಠಿಣವಾದ ನಿಯಮ. ಪಟ್ಟಿ ಉಬ್ಬುತ್ತಿರುವಾಗಲೇ ಸೊಸೆಯ ತವರಿನ ಸಮಾಚಾರ ಆರಂಭವಾಗುತ್ತದೆ. ಒಂದು ನಿಮಿಷ ಬಿಟ್ಟು ಎರಡನೆಯ ಸಲ ಅಳೆದು ಎರಡನ್ನೂ ಬರೆದಿಡಬೇಕು. ತೋಳಿನ ವಿಭೂತಿಯಿಂದ ಲೆಕ್ಕ ತಪ್ಪುವುದೇ ಎಂದು ತಾಯಿಯೊಬ್ಬರು ಸಂಕೋಚದಿಂದ ಕೇಳಿದರು. ತಪ್ಪುವುದಿಲ್ಲ. ತಪ್ಪುವುದು ಕುಪ್ಪಸದ ತೋಳಿನ ಮೇಲೆ ಪಟ್ಟಿ ಕಟ್ಟಿದಾಗ.

ಉಪ್ಪಿನ ವಿಷಯವನ್ನು ಎಲ್ಲರೂ ಬಲ್ಲರು, ಯಾರೂ ಪಾಲಿಸರು. ದಿನಕ್ಕೆ ಐದು ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಚಹಾ ಚಮಚೆಯಷ್ಟು, ಅದೂ ಎಲ್ಲ ಪದಾರ್ಥಗಳಲ್ಲಿರುವುದು ಸೇರಿ. ನಮ್ಮ ಜೋಳದ ರೊಟ್ಟಿಗೆ ಉಪ್ಪು ಬೇಕಿಲ್ಲವೆಂಬುದು ಹಿರಿಯರ ಪುಣ್ಯ. ಆದರೆ ಅದರೊಡನೆ ಬರುವ ಶೇಂಗಾ ಚಟ್ನಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳು ಆ ಪುಣ್ಯವನ್ನು ಕ್ಷಯಗೊಳಿಸುತ್ತವೆ.

ಮಾತ್ರೆಗಳ ಬಗೆಗೆ ಎರಡು ಮಾತು ಅವಶ್ಯ. ಸರ್ಪಗಂಧಿಯ ಬೇರನ್ನು ತೇಯ್ದು ಕುಡಿದರೆ ಸಾಕೆನ್ನುವವರಿದ್ದಾರೆ. ಆ ಬೇರಿನ ಗುಣ ಸುಳ್ಳಲ್ಲ. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲರು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಅದರ ಕುರಿತು ಬರೆದ ಮೇಲೆಯೇ ಪಾಶ್ಚಾತ್ಯ ಜಗತ್ತು ಅದರತ್ತ ತಿರುಗಿತು. ಆದರೆ ಅದರ ಸಾರದಿಂದ ಕೆಲವರಲ್ಲಿ ಮನಸ್ಸು ಕುಗ್ಗಿ ವಿಷಾದ ಕವಿಯುವುದನ್ನು ಕಂಡು, ವೈದ್ಯರು ಇಂದು ಅದನ್ನು ಬಹಳ ವಿರಳವಾಗಿ ಬಳಸುತ್ತಾರೆ. ಅಳತೆಯಿಲ್ಲದೆ ಬೇರು ತೇಯುವುದು ಅಪಾಯ. ಇನ್ನು ಶಿವರಾತ್ರಿಯ ಉಪವಾಸ. ಅಂದು ನೀರನ್ನೂ ಮುಟ್ಟುವುದಿಲ್ಲವೆಂದು ಮಾತ್ರೆ ಬಿಡುವ ತಾಯಂದಿರನ್ನು ಪ್ರತಿವರ್ಷ ಕಾಣುತ್ತೇವೆ. ಕೆಲವು ಬಗೆಯ ಮಾತ್ರೆಗಳನ್ನು ಹಠಾತ್ತನೆ ನಿಲ್ಲಿಸಿದರೆ ಒತ್ತಡವು ಹಿಂದಿಗಿಂತ ಮೇಲಕ್ಕೆ ಚಿಮ್ಮುತ್ತದೆ. ಇನ್ನು ಕೆಲವು ಮೂತ್ರವನ್ನು ಹೆಚ್ಚಿಸುವಂಥವು. ನೀರೇ ಕುಡಿಯದ ದಿನ ಅವು ಒತ್ತಡವನ್ನು ತೀರ ಇಳಿಸಬಹುದು. ಆದ್ದರಿಂದ ಯಾವುದನ್ನು ಯಾವಾಗ ಎಂಬುದನ್ನು ವಾರ ಮುಂಚಿತವಾಗಿಯೇ ವೈದ್ಯರಲ್ಲಿ ಕೇಳಿಟ್ಟುಕೊಳ್ಳಬೇಕು. ಗುಟುಕು ನೀರಿನೊಡನೆ ಮಾತ್ರೆ ನುಂಗಿದರೆ ವ್ರತಭಂಗವಾಗುವುದೇ ಎಂದು ನಮ್ಮನ್ನು ಕೇಳಿದವರಿಗೆಲ್ಲ ಇಲ್ಲವೆಂದೇ ಉತ್ತರಿಸಿದ್ದೇವೆ. ಅಂಗವನ್ನು ದಂಡಿಸಿ ಲಿಂಗವನ್ನು ಒಲಿಸುವ ಮಾರ್ಗ ಶರಣರದಲ್ಲ.

ಇಲ್ಲಿಯವರೆಗೆ ಹಿಗ್ಗಿದ ಅಂತರದ ಮಾತಾಯಿತು. ಕುಗ್ಗಿದ ಅಂತರವೂ ಉಂಟು. ಅದು ವರ್ಷಗಟ್ಟಲೆ ಕಾಯುವುದಿಲ್ಲ, ಗಂಟೆಗಳಲ್ಲಿ ಕೆಲಸ ಮುಗಿಸುತ್ತದೆ. ಹೃದಯದ ವೈಫಲ್ಯದಲ್ಲಿ, ಅತಿಯಾದ ರಕ್ತಸ್ರಾವದಲ್ಲಿ ಅಂತರ ಕುಗ್ಗುವುದೆಂದು ಓದಿದ್ದೆವು. ಕಣ್ಣಾರೆ ಕಂಡದ್ದು 2024ರ ಮಳೆಗಾಲದಲ್ಲಿ. ಆ ವರ್ಷ ಡೆಂಗೆ ಜ್ವರ ನಮ್ಮ ರಾಜ್ಯದಲ್ಲಿ ಎಷ್ಟು ಹಬ್ಬಿತೆಂದರೆ ಸೆಪ್ಟೆಂಬರಿನಲ್ಲಿ ಸರಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ನಾವು ಸಂಜೆಯ ಪಾಠಕ್ಕೆ ಹೋಗುವ ಪ್ರಸಾದ ನಿಲಯದ ಹುಡುಗನೊಬ್ಬ, ಒಂಬತ್ತನೆಯ ತರಗತಿಯವನು, ನಾಲ್ಕು ದಿನ ಜ್ವರದಲ್ಲಿ ಬೆಂದು ಐದನೆಯ ದಿನ ಮೈ ತಣ್ಣಗಾಗಿ ಮಲಗಿದ್ದ. ಜ್ವರ ಬಿಟ್ಟಿತೆಂದು ಎಲ್ಲರಿಗೂ ನೆಮ್ಮದಿ. ಊರಿನಿಂದ ಬಂದಿದ್ದ ತಂದೆ ಮಗನನ್ನು ಬಸ್ಸಿನಲ್ಲಿ ಮನೆಗೆ ಕರೆದೊಯ್ಯಲು ಚೀಲ ಕಟ್ಟುತ್ತಿದ್ದರು. ಆರೋಗ್ಯ ಕೇಂದ್ರದಿಂದ ನೋಡಲು ಬಂದ ದಾದಿಯು ಒತ್ತಡವನ್ನು ಅಳೆದಾಗ 100/82 ಬಂದಿತು. “ನೂರು ಐತಲ್ರೀ ತಾಯೀ, ತೆಳ್ಳನ ಹುಡುಗ, ಅಷ್ಟs ಇರೋದು” ಎಂದರು ತಂದೆ. ಆಕೆ ಮನಸ್ಸಿನಲ್ಲಿಯೇ ಕಳೆದು ನೋಡಿ, ಇನ್ನೊಮ್ಮೆ ಅಳೆದು, ಹುಡುಗನ ಅಂಗೈ ಅಂಗಾಲುಗಳನ್ನು ಮುಟ್ಟಿ, “ಬಸ್ಸು ಬ್ಯಾಡ್ರಿ ಅಣ್ಣಾರ, ಈಗಿಂದೀಗ ಜಿಲ್ಲಾ ಆಸ್ಪತ್ರೆಗೆ ನಡೀರಿ” ಎಂದಳು.

ಅಂತರ ಹದಿನೆಂಟು. ಡೆಂಗೆಯಲ್ಲಿ ಜ್ವರ ಇಳಿಯುವ ಹೊತ್ತಿನಲ್ಲಿಯೇ ಕೆಲವರಿಗೆ ಸೂಕ್ಷ್ಮ ರಕ್ತನಾಳಗಳಿಂದ ರಕ್ತದ ದ್ರವಭಾಗ ಹೊರಗೆ ಸೋರತೊಡಗುತ್ತದೆ. ಒಂದೆರಡು ದಿನಗಳ ಈ ಘಟ್ಟವೇ ಪ್ರಾಣಾಂತಿಕವಾದುದು. ಹೃದಯಕ್ಕೆ ಬಂದು ಸೇರುವ ರಕ್ತ ಕಡಿಮೆಯಾಗುವುದರಿಂದ ಪ್ರತಿ ಬಡಿತದ ನೂಕು ಸಣ್ಣದಾಗುತ್ತದೆ. ದೇಹವು ತನ್ನನ್ನು ಕಾಪಾಡಿಕೊಳ್ಳಲು ಕೈಕಾಲಿನ ರಕ್ತನಾಳಗಳನ್ನು ಬಿಗಿಹಿಡಿಯುವುದರಿಂದ ಕೆಳಗಿನ ಅಂಕಿ ಮೇಲೇರುತ್ತದೆ, ಮೇಲಿನದು ಸ್ವಲ್ಪ ಕಾಲ ಹಾಗೆಯೇ ನಿಲ್ಲುತ್ತದೆ. ಎರಡನ್ನೂ ಬೇರೆ ಬೇರೆ ನೋಡಿದವರಿಗೆ ಎಲ್ಲವೂ ಕ್ಷೇಮವೆಂದು ತೋರುತ್ತದೆ. ಅಂತರ ಇಪ್ಪತ್ತು ಅಥವಾ ಅದಕ್ಕಿಂತ ಕಡಿಮೆಯಾದರೆ ಅದನ್ನು ಆಘಾತದ ಸ್ಥಿತಿಯೆಂದೇ ವೈದ್ಯರು ಪರಿಗಣಿಸುತ್ತಾರೆ. ಮೇಲಿನ ಅಂಕಿ ಕುಸಿಯುವವರೆಗೆ ಕಾದರೆ ಹೊತ್ತು ಮೀರಿರುತ್ತದೆ.

ಜಿಲ್ಲಾ ಆಸ್ಪತ್ರೆಯಲ್ಲಿ ಎರಡು ರಾತ್ರಿ ಹುಡುಗನ ನಾಳಕ್ಕೆ ದ್ರವವನ್ನು ಅಳೆದು ಅಳೆದು ಕೊಟ್ಟರು. ತಂದೆ ಆ ಎರಡು ರಾತ್ರಿಯೂ ಮಗನ ಕಾಲ ಬಳಿ ನೆಲದ ಮೇಲೆ ಕುಳಿತಿದ್ದರು. ಪ್ರತಿ ಸಲ ಅಳೆದಾಗಲೂ ಅವರು ಅಂಕಿಗಳನ್ನು ಕೇಳಿ, ಬೆರಳು ಮಡಿಚಿ ತಾವೇ ಕಳೆದು ನೋಡುತ್ತಿದ್ದರಂತೆ. ಹದಿನೆಂಟು ಇಪ್ಪತ್ತೆರಡಾಯಿತು, ಇಪ್ಪತ್ತೆಂಟಾಯಿತು, ಮೂರನೆಯ ಬೆಳಗಿಗೆ ಮೂವತ್ತಾರಾಯಿತು. ಹುಡುಗ ಎದ್ದು ಕುಳಿತು ಗಂಜಿ ಕೇಳಿದ.

ಪ್ರಸಾದ ನಿಲಯದ ಆರೋಗ್ಯದ ಪುಸ್ತಕದಲ್ಲಿ ಈಗ ಮೇಲಿನದು, ಕೆಳಗಿನದು ಎಂಬ ಎರಡು ಮನೆಗಳ ಪಕ್ಕದಲ್ಲಿ ಕೆಂಪು ಮಸಿಯಿಂದ ಇನ್ನೊಂದು ಮನೆ ಎಳೆದಿದ್ದಾರೆ. ಅದಕ್ಕೆ ‘ಅಂತರ’ ಎಂದು ಶಿರೋನಾಮೆ ಬರೆದವನು ಆ ಹುಡುಗನೇ. ಜ್ವರ ಬಂದವರ ಅಂಕಿಗಳನ್ನು ದೊಡ್ಡ ಹುಡುಗರು ಸರದಿಯಂತೆ ಕಳೆದು ತುಂಬುತ್ತಾರೆ. ನಾವು ಸಂಜೆಯ ಪಾಠಕ್ಕೆ ಹೋದಾಗ ಲೆಕ್ಕ ಸರಿಯಿದೆಯೇ ಎಂದು ನೋಡುತ್ತೇವೆ.